ಪುಕ್ಕಲಕ್ಕ ಸುಮ್ಮನಾದ ದಿನ

ಹೆದರುವುದಕ್ಕೂ ಶ್ರದ್ಧೆ ಬೇಕು ಎಂದರೆ ನೀವು ನಗಬಹುದು. ನಗಿ, ಯಾರು ಬೇಡ ಅಂದರು? ಪುಕ್ಕಲಕ್ಕನನ್ನು ಬಲ್ಲವರೆಲ್ಲ ನಕ್ಕವರೇ. ಲಿಫ್ಟ್ ಬಂದು ನಿಂತರೆ ಅವಳು ಬಾಗಿಲ ಸಂದಿಯಲ್ಲಿ ಒಮ್ಮೆ ಇಣುಕಿ, ಕೆಳಗಿನ ಕತ್ತಲನ್ನು ನೋಡಿ, ಮೆಟ್ಟಿಲ ಕಡೆ ಹೊರಟುಬಿಡುವಳು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸ್ ಓಡಿ ಬರುವಳು. "ನಮ್ಮ ಸೊಸೆ ಹಾಲು ಉಕ್ಕಿದ್ರೂ ಪ್ರವಾಹ ಬಂತು ಅಂತಾಳೆ" ಎಂದು ಅತ್ತೆ ನೆರೆಮನೆಯವರ ಮುಂದೆ ಹೇಳಿ ನಗಿಸುವುದುಂಟು. ಕೆಲಸದ ಜಾಗದಲ್ಲಿ ಅವಳಿಗೆ ಪುಕ್ಕಲಕ್ಕ ಅನ್ನುವ ಹೆಸರಿಟ್ಟವನು ಕ್ರೇನ್ ಓಡಿಸುವವ. ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಫೋನಿನಲ್ಲಿ ಯಾರಾದರೂ ಅವಳ ನಿಜವಾದ ಹೆಸರು ಹೇಳಿ ಕರೆದರೆ "ಯಾರವರು?" ಎಂದು ಕಾವಲುಗಾರ ಕೇಳುತ್ತಿದ್ದ.

ಈ ಹೆದರಿಕೆ ಇವತ್ತು ನಿನ್ನೆಯದಲ್ಲ. ಅವಳು ಬೆಳೆದದ್ದು ರೈಲು ಹಳಿಗೆ ಅಂಟಿಕೊಂಡಿದ್ದ ಮೂರು ಮಹಡಿಯ ಕಟ್ಟಡದ ನಡು ಮಹಡಿಯಲ್ಲಿ. ಗೂಡ್ಸ್ ಗಾಡಿ ಹೋದಾಗಲೆಲ್ಲ ಬೀರುವಿನೊಳಗಿನ ಗಾಜಿನ ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವು. ಅವಳ ಮಂಚದ ಮೇಲಿನ ಗೋಡೆಯಲ್ಲಿ ಒಂದು ಬಿರುಕಿತ್ತು. "ಗಾರೆ ಬಿಟ್ಟಿದೆ ಅಷ್ಟೆ, ಗೋಡೆಗೇನಾಗಿಲ್ಲ, ಮಲಕ್ಕೋ" ಎಂದು ಅಜ್ಜಿ ಮಗ್ಗುಲಾಗುತ್ತಿದ್ದಳು. ಅಜ್ಜಿಗೆ ನಿದ್ದೆ, ಹುಡುಗಿಗೆ ಎಲ್ಲಿಯ ನಿದ್ದೆ? ಬಿರುಕಿನ ತುದಿಗೆ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆದಿಟ್ಟಳು. ಬೇಸಿಗೆ ಕಳೆಯುವಷ್ಟರಲ್ಲಿ ಬಿರುಕು ಗೆರೆ ದಾಟಿ ಒಂದು ಉಗುರಿನಷ್ಟು ಮುಂದೆ ಹೋಗಿತ್ತು. ಕೈಹಿಡಿದು ಎಳೆತಂದು ಅಪ್ಪನಿಗೆ ತೋರಿಸಿದರೆ, ಅವನು "ಗೋಡೆ ಮೇಲೆಲ್ಲ ಗೀಚಿದ್ದೀಯಲ್ಲ" ಎಂದು ಬೈದ. ಕಟ್ಟಡ ಬೀಳಲಿಲ್ಲ, ಅದು ಬೇರೆ ಮಾತು. ಆದರೆ ತನ್ನ ಜೊತೆ ಕೂತು ಹೆದರುವವರು ಮನೆಯಲ್ಲಿ ಯಾರೂ ಇಲ್ಲ ಅನ್ನುವುದು ಆ ಹುಡುಗಿಗೆ ಅವತ್ತೇ ಗೊತ್ತಾಯಿತು.

ಇಂಥವಳು ಓದಿ ಎಂಜಿನಿಯರ್ ಆಗಿ ಸೇರಿದ್ದಾದರೂ ಎಲ್ಲಿಗೆ? ಗೋಡೆಗಳನ್ನು ಬೇಕೆಂದೇ ಬಿರುಕು ಬಿಡಿಸುವ ಜಾಗಕ್ಕೆ. ಎತ್ತರದ ಕಟ್ಟಡಗಳಲ್ಲಿ ಲಿಫ್ಟಿನ ಸುತ್ತ, ಮೆಟ್ಟಿಲ ಪಕ್ಕ, ಬುಡದಿಂದ ನೆತ್ತಿಯವರೆಗೆ ಒಂದೇ ಸಮ ನಿಂತಿರುವ ಕಾಂಕ್ರೀಟು ಗೋಡೆಗಳಿರುತ್ತವಲ್ಲ, ಅವಕ್ಕೆ ಶಿಯರ್ ವಾಲ್ ಅನ್ನುತ್ತಾರೆ. ಭೂಮಿ ನಡುಗಿದಾಗ, ಬಿರುಗಾಳಿ ಬೀಸಿದಾಗ ಕಟ್ಟಡ ಪಕ್ಕಕ್ಕೆ ವಾಲದಂತೆ ತಡೆಯುವುದು ಅವುಗಳ ಕೆಲಸ. ಅವಳಿದ್ದ ಪ್ರಯೋಗಾಲಯದಲ್ಲಿ ಅಂಥದೇ ಗೋಡೆಯನ್ನು ಎರಡಾಳೆತ್ತರಕ್ಕೆ, ಗೇಣು ದಪ್ಪಕ್ಕೆ ಎರಕ ಹೊಯ್ಯುತ್ತಿದ್ದರು. ನೆಲಕ್ಕೆ ಬೋಲ್ಟು ಬಿಗಿದು, ಮಹಡಿಗಳ ಭಾರದ ಬದಲಿಗೆ ತಲೆಯ ಮೇಲೆ ಎಣ್ಣೆಯ ಒತ್ತಡದಿಂದ ನೂಕುವ ಎರಡು ಜಾಕುಗಳನ್ನು ಕೂರಿಸಿ, ಪಕ್ಕದಿಂದ ಇನ್ನೊಂದು ದೊಡ್ಡ ಜಾಕಿನಲ್ಲಿ ಒಮ್ಮೆ ತಳ್ಳುವುದು, ಒಮ್ಮೆ ಎಳೆಯುವುದು. ಹೀಗೆ ಗೋಡೆ ಸಾಯುವ ತನಕ.

ಗೋಡೆಯನ್ನು ಒಂದು ಮಿಲಿಮೀಟರು ಜರುಗಿಸಲು ಎಷ್ಟು ಬಲ ಬೇಕೋ ಅದು ಅದರ ಬಿಗುವು. ಹೊಸ ಗೋಡೆ ಹೊಸ ಅಳಿಯನ ಹಾಗೆ ಸೆಟೆದು ನಿಂತಿರುತ್ತದೆ. ಮೊದಲ ಕೂದಲೆಳೆಯ ಬಿರುಕು ಬಿದ್ದದ್ದೇ ತಡ, ಬಿಗುವು ಇಳಿಯತೊಡಗುತ್ತದೆ. ಅರ್ಧಕ್ಕೆ ಬರುತ್ತದೆ, ಆಮೇಲೆ ಅರ್ಧವೂ ಉಳಿಯುವುದಿಲ್ಲ. ಕಟ್ಟಡದ ಲೆಕ್ಕ ಹಾಕುವವರು ಗೋಡೆ ಬಿರುಕೇ ಬಿಡುವುದಿಲ್ಲವೆಂದು ನಂಬಿಬಿಟ್ಟರೆ ಕಂಪ್ಯೂಟರಿನೊಳಗೆ ಕಟ್ಟಡ ಅಲುಗುವುದೇ ಇಲ್ಲ. ನಿಜದಲ್ಲಿ ಅದು ಎರಡರಷ್ಟು ತೂಗಾಡುತ್ತದೆ, ಗೋಡೆ ಹೊರಬೇಕಾದ್ದನ್ನು ಪಾಪದ ಕಂಬಗಳ ತಲೆಗೆ ಕಟ್ಟುತ್ತದೆ. ಯಾವ ಬಿರುಕಿಗೆ ಬಿಗುವು ಎಷ್ಟು ಇಳಿಯಿತು ಎಂದು ಲೆಕ್ಕ ಹಾಕುವುದು ಪುಕ್ಕಲಕ್ಕನ ಕೆಲಸ. ಉಳಿದವರು ಬಿರುಕು ಬಿಟ್ಟರೆ ನೋಡೋಣ ಅನ್ನುವಾಗ ಅವಳು ಬಿಟ್ಟಾಯಿತು ಎಂದೇ ಲೆಕ್ಕ ಶುರು ಮಾಡುವಳು. "ಹೆದರದೇ ಇರೋರು ಈ ಕೆಲಸಕ್ಕೆ ಬೇಡಮ್ಮ" ಎಂದು ಪ್ರಯೋಗಾಲಯದ ಯಜಮಾನರಾದ ಪ್ರೊಫೆಸರು ಅವಳನ್ನು ಸೇರಿಸಿಕೊಂಡಿದ್ದರು.

ಗಂಡ ಸಿಕ್ಕಿದ್ದೂ ಅಲ್ಲೇ. ಬಿರುಕು ಎದ್ದು ಕಾಣಲೆಂದು ಪ್ರತಿ ಗೋಡೆಗೂ ಮೊದಲು ಬಿಳಿ ಸುಣ್ಣ ಬಳಿಯಬೇಕು. ಅದಕ್ಕೆಂದು ಬಂದವನು ಸುಣ್ಣದಣ್ಣ. ಕಣ್ಣು ಚುರುಕಾಗಿದೆ ಎಂದು ಪ್ರೊಫೆಸರು ಅವನಿಗೇ ಗುರುತು ಹಾಕುವ ಕೆಲಸವನ್ನೂ ಕೊಟ್ಟರು. ತಳ್ಳಿದಾಗ ಎದ್ದ ಬಿರುಕಿಗೆ ನೀಲಿ ಪೆನ್ನು, ಎಳೆದಾಗ ಎದ್ದದ್ದಕ್ಕೆ ಕೆಂಪು. ಕೈಯಲ್ಲೊಂದು ಪ್ಲಾಸ್ಟಿಕ್ ಕಾರ್ಡು, ಅದರ ಮೇಲೆ ಬೇರೆ ಬೇರೆ ದಪ್ಪದ ಗೆರೆಗಳು. ಬಿರುಕಿನ ಪಕ್ಕ ಹಿಡಿದು ಅಗಲ ಎಷ್ಟು ಮಿಲಿಮೀಟರೆಂದು ಓದಿ ಕೂಗಿ ಹೇಳಬೇಕು. ಒಂದು ದಿನ ಅವಳು ದೂರದಿಂದಲೇ "ಅಲ್ಲಿ, ಮೂಲೆ ಹತ್ರ, ಬಿರುಕಿದೆ" ಅಂದಾಗ, ಇಲ್ಲ ಅನ್ನದೆ, ನಗದೆ, ಮೂಗು ಗೋಡೆಗೆ ತಾಗುವಷ್ಟು ಬಗ್ಗಿ ನೋಡಿ "ಹೌದು ಮೇಡಂ, ಇದೆ" ಅಂದ. ಅಷ್ಟು ಸಾಕಾಯಿತು ಅವಳಿಗೆ. "ಎಂಜಿನಿಯರಿಂಗ್ ಓದಿ ಸುಣ್ಣ ಬಳಿಯೋನ್ನ ಕಟ್ಕೋತೀಯಾ?" ಎಂದು ಅಣ್ಣ ಹಾರಾಡಿದ. ಹಲ್ಲಿಗೆ ಹೆದರುವವಳು ಅಣ್ಣನಿಗೆ ಹೆದರಲಿಲ್ಲ. ಹೋಗಿ ಮದುವೆಯಾದಳು.

ಆಗಬೇಕಾದ ಅನಾಹುತ ಆಗಿದ್ದು ಅಲ್ಲೇ ನೋಡಿ. ಮೊದಲಾದರೆ ಎಚ್ಚರಿಕೆಗೆಂದು ಸುತ್ತ ನೆಲದ ಮೇಲೆ ಬಳಿದ ಹಳದಿ ಗೆರೆ ದಾಟಿ ಗೋಡೆಯ ಬುಡಕ್ಕೆ ಹೋಗುವವನು ಯಾರೋ ಒಬ್ಬ ಸುಣ್ಣದಣ್ಣ. ಈಗ ಹೋಗುವವನು ತನ್ನ ಗಂಡ. ಜಾಕು ನಡೆಸುವ ಮೇಜಿನ ಮುಂದೆ ಕೂತು ಗೋಡೆಯನ್ನು ತಳ್ಳುವವಳು ತಾನು. ಹೆದರುವವರ ಮೇಲೆ ಹಾವು ಬಿಟ್ಟ ಹಾಗೆ ಆಯಿತು ಅವಳ ಸಂಸಾರ. ಪ್ರತಿ ಸಲ ಜಾಕು ನಿಲ್ಲಿಸಿದಾಗ ಅವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಗೆರೆ ದಾಟುವನು. ದಾಟಿದ ಕ್ಷಣದಿಂದ ಇವಳ ಬಾಯಿ ಶುರು. "ಆಯ್ತಾ? ಬನ್ನಿ. ಸಾಕು ಬನ್ನಿ. ಆ ಮೂಲೇಲಿ ಕೂರ್ಬೇಡಿ. ಬಂದ್ರಾ?" ಮೇಲೆ ಚಾವಣಿಯ ಹತ್ತಿರ ಕೂತ ಕ್ರೇನಿನವನು ಹೆಣ್ಣುದನಿಯಲ್ಲಿ "ರೀ, ಬಂದ್ರಾ?" ಎಂದು ಅಣಕಿಸುವನು. ಗೋಡೆಯ ಹಿಂದಿನಿಂದ ಗಂಡ "ಬಂದೆ ಕಣೆ, ಗೋಡೆ ಇನ್ನೂ ಸತ್ತಿಲ್ಲ, ನಾನೂ ಸತ್ತಿಲ್ಲ" ಅನ್ನುವನು. ಎಲ್ಲರೂ ನಗುವರು. ಅವನು ಗೆರೆಯ ಈಚೆ ಕಾಲಿಟ್ಟ ಮೇಲೆಯೇ ಅವಳ ಎದೆ ಹತೋಟಿಗೆ ಬರುತ್ತಿತ್ತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ವರ್ಷಗಟ್ಟಲೆ ಹೀಗೇ ನಡೆಯಿತು.

ಆ ಮೇಜಿನ ಮೇಲೆ ಒಂದು ಸ್ವಿಚ್ಚಿತ್ತು. ಎಡಕ್ಕೆ ತಿರುಗಿಸಿದರೆ ‘ಬಲ’, ಬಲಕ್ಕೆ ತಿರುಗಿಸಿದರೆ ‘ದೂರ’. ಗೋಡೆ ಗಟ್ಟಿಯಾಗಿರುವಾಗ ಜಾಕಿಗೆ ಇಷ್ಟು ಬಲ ಹಾಕು ಎಂದು ಹೇಳಬಹುದು. ಬಿರುಕು ಬಿಟ್ಟು ಬಿಗುವು ಅರ್ಧಕ್ಕಿಳಿದ ಮೇಲೆ ಹಾಗೆ ಹೇಳಬಾರದು. ಇಷ್ಟು ದೂರ ತಳ್ಳಿ ನಿಲ್ಲು ಎಂದು ಹೇಳಬೇಕು. ಕಾರಣ ಸುಲಭ. ಬಾಗಿಲಿಗೆ ಭುಜ ಕೊಟ್ಟು ನೂಕುತ್ತಿದ್ದೀರಿ ಅನ್ನಿ. ಅಗುಳಿ ಮುರಿದರೆ ಬಾಗಿಲ ಸಮೇತ ನೀವೂ ಒಳಕ್ಕೆ ಬೀಳುತ್ತೀರಿ. ‘ಬಲ’ದ ಜಾಕೂ ಹಾಗೆಯೇ. ನಿಲ್ಲಿಸಿದರೂ ಅಷ್ಟೇ ಬಲ ಹಿಡಿದು, ಗೋಡೆ ಸೋತಷ್ಟೂ ಬೆನ್ನು ಹತ್ತಿ ತಳ್ಳುತ್ತದೆ. ‘ದೂರ’ದ ಜಾಕು ನಿಂತಲ್ಲೇ ನಿಲ್ಲುತ್ತದೆ, ಗೋಡೆ ಸೋತರೆ ಭಾರವೇ ಇಳಿಯುತ್ತದೆ. ಹೀಗಾಗಿ ಬಿಗುವು ಅರ್ಧಕ್ಕಿಳಿದ ಗೋಡೆಯ ಹತ್ತಿರ ಮನುಷ್ಯ ಹೋಗುವ ಮುಂಚೆ ಸ್ವಿಚ್ಚು ‘ದೂರ’ದಲ್ಲಿರಬೇಕು ಎಂಬುದು ಅಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿದ್ದ ನಿಯಮ.

ಅವತ್ತಿನ ಗೋಡೆ ಮೊದಲಿನಿಂದಲೂ ಅವಳಿಗೆ ಸರಿಬರಲಿಲ್ಲ. ಒಣಗುವಾಗಲೇ ಒಳಗೊಳಗೆ ಕೂದಲುಬಿರುಕು ಬಿಟ್ಟಿತ್ತೋ ಏನೋ, ತಳ್ಳಿ ಎಳೆಯುವ ಆರನೆಯ ಸುತ್ತಿನಲ್ಲಿ ಅರ್ಧವಾಗಬಹುದು ಎಂದು ಅವಳು ಲೆಕ್ಕ ಹಾಕಿದ್ದ ಬಿಗುವು ಮೂರನೆಯ ಸುತ್ತಿನಲ್ಲೇ ಅರ್ಧವಾಯಿತು. ಕಂಪ್ಯೂಟರಿನ ಪರದೆಯ ಮೇಲೆ ಬಿಗುವು ತೋರಿಸುತ್ತ ನೆಟ್ಟಗೆ ಏರಬೇಕಾದ ಗೆರೆ ಆಗಲೇ ಮಲಗತೊಡಗಿತ್ತು. ಜಾಕು ನಿಲ್ಲಿಸಿದಳು. ಸ್ವಿಚ್ಚಿನ ಕಡೆ ಕೈ ಹೋಯಿತು. ಅಷ್ಟರಲ್ಲಿ ಹಳದಿ ಗೆರೆಯ ಕಡೆ ಹೊರಟಿದ್ದ ಗಂಡನ ಬೂಟು ಕಣ್ಣಿಗೆ ಬಿತ್ತು.

"ರೀ! ಲೇಸು! ಲೇಸು ಬಿಚ್ಚಿದೆ!"

ಅವನು ಬೆಚ್ಚಿ ನಿಂತ. ಕೆಳಗೆ ನೋಡಿದ. ಕ್ರೇನಿನವನು ಮೇಲಿನಿಂದ "ಅಯ್ಯೋ ಲೇಸು! ಭೂಕಂಪ ಬಂದ್ರೂ ಪರ್ವಾಗಿಲ್ಲ, ಲೇಸು ಕಟ್ಕೊಳ್ಳಣ್ಣ!" ಎಂದು ಕೂಗಿದ. ಫೋನು ಹಿಡಿದಿದ್ದ ಪ್ರೊಫೆಸರೂ ನಕ್ಕುಬಿಟ್ಟರು. ಅವಳಿಗೂ ನಾಚಿಕೆಯಾಗಿ ನಗು ಬಂತು. ಗಂಡ ಬಗ್ಗಿ ಲೇಸು ಬಿಗಿದ, ಎರಡು ಗಂಟು ಹಾಕಿ "ಸರೀನಾ ತಾಯಿ?" ಎಂದು ಕಾಲೆತ್ತಿ ತೋರಿಸಿ, ಗೆರೆ ದಾಟಿದ. ಅವಳ ಕೈ ಸ್ವಿಚ್ಚಿನ ಮೇಲಿರಲಿಲ್ಲ, ಬಾಯಿಗೆ ಅಡ್ಡವಾಗಿತ್ತು. ಸ್ವಿಚ್ಚು ಎಡಕ್ಕೇ ಉಳಿಯಿತು.

ಅವನು ಗೋಡೆಯ ಆಚೆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ. ತಳ್ಳಿದಾಗ ಗೋಡೆಯ ಭಾರವೆಲ್ಲ ಒತ್ತಿಕೊಳ್ಳುವುದು ಆ ಮೂಲೆಯ ಮೇಲೆಯೇ.

"ಪಾಯಿಂಟ್ ನಾಲ್ಕು!" ಎಂದು ಕೂಗಿದ.

ಅವಳು ಬರೆದುಕೊಂಡಳು. "ಆಯ್ತಾ? ಬೇಗ ಬನ್ನಿ."

"ತಾಳೇ. ಪಾಯಿಂಟ್ ಐದು. ಆಗ ಕಾರ್ಡು ಸರಿಯಾಗಿ ಹಿಡಿದಿರ್ಲಿಲ್ಲ ಅನ್ಸುತ್ತೆ."

ಅವಳು ಬರೆಯುವುದನ್ನು ನಿಲ್ಲಿಸಿದಳು. ಗಂಡ ಉಪ್ಪಿನ ಡಬ್ಬಿ ಕಣ್ಣೆದುರಿಗೇ ಇದ್ದರೂ ಹುಡುಕುವ ಆಸಾಮಿ, ನಿಜ. ಆದರೆ ಬಿರುಕು ಓದುವುದರಲ್ಲಿ ಅವನ ಕಣ್ಣು ತಪ್ಪಿದ್ದಿಲ್ಲ. ಕಾರ್ಡು ಸರಿಯಾಗಿಯೇ ಹಿಡಿದಿದ್ದಾನೆ. ಅಗಲವಾಗುತ್ತಿರುವುದು ಬಿರುಕು.

ಪರದೆ ನೋಡಿದಳು. ಜಾಕು ನಿಂತಾಗ ಜರುಗಿದ ದೂರದ ಅಂಕಿ ಕದಲಬಾರದು, ಬಲದ ಅಂಕಿ ಮೆಲ್ಲಗೆ ಇಳಿಯಬೇಕು. ಇಲ್ಲಿ ಬಲದ ಅಂಕಿ ಅಲ್ಲಾಡದೆ ನಿಂತಿತ್ತು. ದೂರದ ಅಂಕಿ ಏರುತ್ತಿತ್ತು. ನಿಧಾನವಾಗಿ, ಆಮೇಲೆ ಅಷ್ಟೊಂದು ನಿಧಾನವಲ್ಲದೆ. ಅವಳ ಕಣ್ಣು ಸ್ವಿಚ್ಚಿನ ಮೇಲೆ ಬಿತ್ತು.

ಅಯ್ಯೋ ದೇವರೇ. ಎಡಕ್ಕಿದೆ.

ತುರ್ತಿಗೆಂದಿದ್ದ ಕೆಂಪು ಬಟನ್ ಒತ್ತಿಬಿಡಲೇ? ಒತ್ತಿದರೆ ಎಲ್ಲ ಜಾಕುಗಳ ಎಣ್ಣೆ ಒಮ್ಮೆಲೇ ಖಾಲಿಯಾಗಿ ಗೋಡೆ ಹಿಂದಕ್ಕೆ ಒದೆಯುತ್ತದೆ. ಒಳಗೆ ಆಳಿದ್ದಾಗ ಅದನ್ನು ಮುಟ್ಟುವಂತಿಲ್ಲ. ಸ್ವಿಚ್ಚು ತಿರುಗಿಸಲೇ? ಹಳೆಯ ಯಂತ್ರ, ಭಾರ ಹೊತ್ತಿರುವಾಗ ತಿರುಗಿಸಿದರೆ ಅದೂ ಒದೆಯುತ್ತದೆ, ಗೋಡೆಯ ಬಳಿ ಯಾರೂ ಇಲ್ಲದಾಗ ಸರಿ, ಈಗಲ್ಲ. ಉಳಿದದ್ದು ಬಲದ ಡಯಲು ಒಂದೇ. ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಸಬೇಕು. ಎರಡು ಬೆರಳಲ್ಲಿ ಹಿಡಿದಳು. ಇಳಿಸುತ್ತಲೇ ಬಾ ಎಂದು ಕೂಗಲು ಬಾಯಿ ತೆರೆದಳು.

ದನಿ ಬರಲಿಲ್ಲ. ಹಲ್ಲಿಗೆ ಕೂಗಿದವಳು, ಲೇಸಿಗೆ ಕೂಗಿದವಳು, ಹಾಲು ಉಕ್ಕಿದ್ದಕ್ಕೆ ಬೀದಿಗೆ ಕೇಳುವಂತೆ ಕೂಗಿದವಳು. ಈಗ ಬಾಯಿಪಸೆ ಆರಿ, ನಾಲಿಗೆ ಅಂಗುಳಕ್ಕೆ ಅಂಟಿ, ಗಂಟಲಿನಿಂದ ಗಾಳಿ ಕೂಡ ಹೊರಡದು. ಪ್ರೊಫೆಸರು ಬೆನ್ನು ತಿರುಗಿಸಿ ಮತ್ತೆ ಫೋನಿನಲ್ಲಿ ಮಾತಾಡುತ್ತಿದ್ದರು. ಕ್ರೇನಿನವನು ಮೇಲೆ ಏನೋ ಹಾಡಿಕೊಳ್ಳುತ್ತಿದ್ದ. ನಾನೇ ಅವನನ್ನು ಕೊಲ್ಲುತ್ತಿದ್ದೇನೆ, ನನ್ನ ಕೈಯಾರೆ ಕೊಲ್ಲುತ್ತಿದ್ದೇನೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಡಯಲು ಇನ್ನೊಂದಿಷ್ಟು ಇಳಿಯಿತು. ದೂರದ ಅಂಕಿ ಆದರೂ ಏರುತ್ತಿತ್ತು.

"ಇನ್ನೊಂದು ಓರೆ ಬಿರುಕು ಉದ್ದ ಹೋಗಿದೆ. ಗುರುತು ಹಾಕಿ ಬರ್ತೀನಿ" ಎಂದ ಗಂಡ. ಬೇಡ ಬನ್ನಿ ಎಂಬ ಉತ್ತರಕ್ಕೆ ಕಾದ. ಬರಲಿಲ್ಲ.

"ಕೇಳಿಸ್ತೇನೇ?"

ಅವಳು ಡಯಲನ್ನು ಇನ್ನೊಂದು ಕೂದಲೆಳೆ ಇಳಿಸಿದಳು.

"ಏ... ಇದ್ದೀಯಾ?"

ಅವಳ ತುಟಿಗಳು ಅಲುಗಿದವು, ಅಷ್ಟೆ. ಗೋಡೆಯ ಆಚೆ ಪೆನ್ನು ನೆಲಕ್ಕೆ ಬಿದ್ದ ಸದ್ದಾಯಿತು. ಬೂಟಿನ ಸದ್ದು ಮೊದಲು ನಡಿಗೆ, ಆಮೇಲೆ ಓಟ. ಗೋಡೆಯ ಅಂಚಿನಿಂದ ಅವನ ಮುಖ ಹೊರಬಂತು. ನಗುವಿರಲಿಲ್ಲ ಅದರಲ್ಲಿ. "ಏನಾಯ್ತೇ ನಿಂಗೆ?" ಎನ್ನುತ್ತ ಹಳದಿ ಗೆರೆ ದಾಟಿ ನೇರ ಮೇಜಿಗೇ ಓಡಿಬಂದು ಅವಳ ಭುಜ ಹಿಡಿದ. ಅವಳು ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು. ಆಗ ಹಿಂದೆ ಫಟ್ ಎಂದಿತು.

ಮೂಲೆ ಸಿಡಿಯಿತು. ಕಾಂಕ್ರೀಟಿನ ಚಕ್ಕೆಗಳು ಹಾರಿ, ಒಳಗಿನ ಸರಳುಗಳು ಬಾಗಿ ಹೊರಗೆ ಚಾಚಿ, ಗೋಡೆ ಒಂದು ಬದಿಗೆ ಕುಸಿದು ಕೂತಿತು. ಪ್ರೊಫೆಸರು ಫೋನು ಎಸೆದು ಬಂದು ಕೆಂಪು ಬಟನ್ ಗುದ್ದಿದರು. ಪಂಪಿನ ಸದ್ದು ನಿಂತು ಧೂಳು ಇಳಿದಾಗ, ಅವನು ಕುಕ್ಕರಗಾಲಲ್ಲಿ ಕೂತಿದ್ದ ಜಾಗದಲ್ಲಿ ಮಂಚದ ಅಗಲದ ಕಾಂಕ್ರೀಟು ಬಿದ್ದಿತ್ತು.

ಆಮೇಲೆ ಪ್ರೊಫೆಸರು ಮೇಜಿನ ಮೇಲೆ ಬಗ್ಗಿ, "ಸ್ವಿಚ್ಚು ‘ಬಲ’ದಲ್ಲಿದೆಯಲ್ಲ" ಅಂದರು. ದನಿ ಅವರದೇ ಅನಿಸಲಿಲ್ಲ. ಕ್ರೇನಿನವನು ಅಷ್ಟರಲ್ಲಿ ಏಣಿ ಇಳಿದು ಬಂದಿದ್ದ. ಪುಕ್ಕಲಕ್ಕನ ಮುಖ ನೋಡಿ, "ಹಳೇ ಯಂತ್ರ ಸಾರ್, ತಾನಾಗೇ ಜಾರಿರ್ಬೇಕು" ಎಂದ. ಇಷ್ಟು ವರ್ಷ ಅಣಕಿಸಿದವನು ಅವಳಿಗಾಗಿ ಹೇಳಿದ ಮೊದಲ ಸುಳ್ಳು ಅದು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಜಾರ್ಲಿಲ್ಲ" ಎಂದಳು ಅವಳು. ದನಿ ಈಗ ಬಂದಿತ್ತು, ಹಾಳಾದ್ದು. "ನಾನು ತಿರುಗಿಸ್ಲಿಲ್ಲ ಸಾರ್. ಲೇಸು ನೋಡ್ತಾ ಮರ್ತೆ."

ಪ್ರೊಫೆಸರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಹಣೆಗೆ ಕೈ ಹಚ್ಚಿ, "ನಾನೂ ನಗ್ತಾ ನಿಂತಿದ್ದೆನಮ್ಮ" ಎಂದಷ್ಟೇ ಹೇಳಿದರು.

ಗಂಡ ಸುಣ್ಣದ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಕಿವಿಯ ಹಿಂದಿದ್ದ ಕೆಂಪು ಪೆನ್ನು ತೆಗೆದು ಮುಚ್ಚಳ ಹಾಕಲು ನೋಡುತ್ತಿದ್ದ. ಹಾಕಲು ಆಗುತ್ತಿರಲಿಲ್ಲ. ಅವಳು ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ನಾನೇ ನಿಮ್ಮನ್ನ ಸಾಯಿಸ್ತಿದ್ದೆ" ಎಂದಳು.

"ನಿಂಗೇನೋ ಆಗೋಯ್ತು ಅನ್ಕೊಂಡೆ ಕಣೆ" ಎಂದ ಅವನು. "ಒಳಗೆ ಕೂತಾಗ ನಿನ್ನ ಗಲಾಟೆ ಕೇಳ್ತಾ ಇರುತ್ತೆ. ಅದು ಒಂದ್ಸಲಾನೂ ನಿಂತಿರ್ಲಿಲ್ಲ. ಇವತ್ತು ನಿಂತ್ಹೋಯ್ತು. ಜೀವ ಬಾಯಿಗೆ ಬಂತು ನಂಗೆ." ಪೆನ್ನಿನ ಮುಚ್ಚಳ ಕೈಜಾರಿ ಉರುಳಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. "ನಂಗೂ ಹೆದ್ರಿಕೆ ಆಗುತ್ತೆ. ಇವತ್ತೊಂದೇ ದಿನ ಅಲ್ಲ, ದಿನಾ. ಇಬ್ರೂ ಹೆದರ್ಕೊಂಡು ಕೂತ್ರೆ ಸಂಸಾರ ನಡೆಯುತ್ತಾ ಅಂತ ನಗ್ತಿದ್ದೆ ಅಷ್ಟೆ."

ಮದುವೆಯಾದಾಗಿನಿಂದ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯ ಈ ಮಾತನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದನೋ! ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಅವನ ತೊಡೆಗೆ ಒಂದು ಗುದ್ದಿ, ಅಲ್ಲೇ ಮುಖವಿಟ್ಟು ಅತ್ತಳು. ಕ್ರೇನಿನವನು ಆಚೆ ತಿರುಗಿ ಕೊಕ್ಕೆಯ ಸರಪಳಿ ಒರೆಸುತ್ತ ನಿಂತ.

ಮನೆಯಲ್ಲಿ ಸುದ್ದಿ ಕೇಳಿದ ಅತ್ತೆ ಮೊದಲು ಮಗನ ಮೈಯೆಲ್ಲ ತಡವಿ ನೋಡಿದಳು. ಆಮೇಲೆ ಸೊಸೆಯ ಮುಂದೆ ತಟ್ಟೆ ಇಟ್ಟು "ಗ್ಯಾಸು ನಾನೇ ಆರಿಸಿದೀನಿ, ಎರಡು ಸಲ ನೋಡಿದೀನಿ, ನೀನು ಏಳ್ಬೇಡ, ಉಣ್ಣು" ಎಂದಳು. ಪುಕ್ಕಲಕ್ಕನಿಗೆ ತುತ್ತು ಇಳಿಯಲಿಲ್ಲ. ಇಷ್ಟು ದಿನ ಗೋಡೆಗೆ, ಲಿಫ್ಟಿಗೆ, ಹಲ್ಲಿಗೆ ಹೆದರಿದ್ದಳು. ಈಗ ತಟ್ಟೆಯ ಮೇಲಿದ್ದ ತನ್ನ ಕೈಗೇ ಹೆದರುತ್ತಿದ್ದಳು. ಹಲ್ಲಿಯಾದರೆ ಅಟ್ಟಬಹುದು.

ಮುಂದಿನ ಗೋಡೆಯ ಹೊತ್ತಿಗೆ ಸ್ವಿಚ್ಚು ಸರಿಯಾದ ಕಡೆ ಇಲ್ಲದಿದ್ದರೆ ಕಿರುಚುವ ಗಂಟೆಯೊಂದನ್ನು ಪ್ರೊಫೆಸರು ಹಾಕಿಸಿದ್ದರು. "ಮೇಜಿಗೆ ಬೇರೆಯವರನ್ನ ಕೂರಿಸ್ಲಾ?" ಎಂದೂ ಕೇಳಿದರು. ಹೂಂ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಡ "ಬೇಡ ಸಾರ್, ಅವಳೇ ಇರ್ಲಿ" ಎಂದುಬಿಟ್ಟ. ಅವಳು ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಕೂತಳು. ಒಂದು ಸುತ್ತು, ಎರಡು ಸುತ್ತು ದೂರದಿಂದಲೇ ನೋಡಿ ಮುಗಿಸಿದರು. ಮೂರನೆಯದರಲ್ಲಿ ಬಿರುಕು ಬಿಟ್ಟಿತು, ಪರದೆಯ ಗೆರೆ ಮಲಗತೊಡಗಿತು, ಅವಳು ಜಾಕು ನಿಲ್ಲಿಸಿದಳು.

ಅವನು ಪೆನ್ನು ಹಿಡಿದು ಹಳದಿ ಗೆರೆಯವರೆಗೆ ಬಂದ. ತಾನಾಗಿ ಯಾವತ್ತೂ ಅಲ್ಲಿ ನಿಂತವನಲ್ಲ, ಮಾತಾಡುತ್ತಲೇ ದಾಟಿಬಿಡುವವನು. ಇವತ್ತು ನಿಂತ. ತಿರುಗಿ ಅವಳನ್ನು ನೋಡಿದ.

"ಹೋಗ್ಲಾ?" ಎಂದು ಕೇಳಿದ.

ಕ್ರೇನಿನವನು ಮೇಲೆ ಕೆಮ್ಮಲೂ ಇಲ್ಲ. ಅವಳು ಸ್ವಿಚ್ಚು ನೋಡಿದಳು. ‘ದೂರ’ದಲ್ಲಿತ್ತು. ದೂರದ ಅಂಕಿ ನಿಂತಿತ್ತು, ಬಲದ ಅಂಕಿ ಮೆಲ್ಲಗೆ ಇಳಿಯುತ್ತಿತ್ತು. ಎಲ್ಲ ಇರಬೇಕಾದ ಹಾಗೇ ಇತ್ತು. ಹೋಗಬೇಡಿ ಎಂದು ಜೀವಮಾನವಿಡೀ ಹೇಳಿದ್ದಳು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹೋಗಿ ಎಂದು ಹೇಳುವ ಕೆಲಸ ಅವಳಿಗೆ ಬಿದ್ದಿರಲಿಲ್ಲ. ಈಗ ಅವಳು ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ಇಲ್ಲ.

"ಇನ್ನೊಂದ್ಸಲ ನೋಡ್ತೀನಿ, ತಾಳಿ" ಎಂದಳು.

"ನೋಡು" ಎಂದ ಅವನು. "ನಿಧಾನವಾಗಿ ನೋಡು. ನಾನು ಇಲ್ಲೇ ನಿಂತಿರ್ತೀನಿ."